ಯಂತ್ರ ತಿರುಗಿ ಬೀಳಲ್ಲ ಸ್ವಾಮೀ, ಹೇಳಿದ್ದನ್ನು ಮಾಡುತ್ತೆ!

"ನೋಡಲೇಬೇಕಾದ ಹತ್ತು ಸೈನ್ಸ್ ಫಿಕ್ಷನ್ ಸಿನಿಮಾಗಳು" ಅಂತ ಯಾರೇ ಪಟ್ಟಿ ಮಾಡಲಿ, ಟರ್ಮಿನೇಟರ್ (1984) ಮೇಲಿರುತ್ತೆ. ಅದರ ಬೆನ್ನಿಗೇ ಮ್ಯಾಟ್ರಿಕ್ಸ್ (1999). ಎರಡರ ಬೀಜವೂ ಒಂದೇ: ಯಂತ್ರಕ್ಕೆ ಬುದ್ಧಿ ಬಂತು, ತಿರುಗಿ ಬಿತ್ತು, ಮನುಷ್ಯ ದಿಕ್ಕೆಟ್ಟು ಓಡಿದ. ಫೈಟಿಂಗ್ ಸೂಪರ್, ಒಪ್ಪಿದೆ. ಆದರೆ ಇವೇ ನಾಳೆಯ ಬಗ್ಗೆ ನಮ್ಮನ್ನು ಎಚ್ಚರಿಸುವ ಸಿನಿಮಾಗಳು ಅಂತ ಹೊತ್ತು ಮೆರೆಸುತ್ತಾರಲ್ಲ, ಅಲ್ಲಿ ನನ್ನ ತಕರಾರು.

ಕೋಡ್ ಬರೆದು ಹೊಟ್ಟೆ ಹೊರೆಯುವ ಯಾರನ್ನಾದರೂ ಕೇಳಿ ನೋಡಿ. ಪ್ರೋಗ್ರಾಮ್ ನಮ್ಮ ಮಾತು ಕೇಳಲ್ಲ ಅನ್ನೋದಲ್ಲ ನಮ್ಮ ಗೋಳು, ಹೇಳಿದ್ದನ್ನು ಅಕ್ಷರಶಃ ಕೇಳುತ್ತೆ ಅನ್ನೋದೇ ಗೋಳು! ಆ ಭಯವನ್ನು ಹಿಡಿದ ಸಿನಿಮಾಗಳು ಬೇರೆಯೇ ಇವೆ, ಪಟ್ಟಿಗಳಲ್ಲಿ ಅವು ಮೂಲೆಗೆ ಬಿದ್ದಿರುತ್ತವೆ.

ಮೊದಲನೆಯದು ಟೆರ್ರಿ ಗಿಲಿಯಮ್‌ನ 'ಬ್ರೆಜಿಲ್' (1985). ಸರ್ಕಾರಿ ಕಚೇರಿಯ ಪ್ರಿಂಟರ್ ಒಳಗೆ ಒಂದು ನೊಣ ಬೀಳುತ್ತೆ. ಟಟಲ್ ಅನ್ನೋ ಹೆಸರು ಬಟಲ್ ಆಗುತ್ತೆ. ಅಷ್ಟೇ. ಏನೂ ಅರಿಯದ ಬಟಲ್ ಎಂಬ ಸಂಸಾರಸ್ಥನ ಮನೆಗೆ ಪೊಲೀಸರು ನುಗ್ಗಿ ಅವನನ್ನು ಎಳಕೊಂಡು ಹೋಗ್ತಾರೆ, ಹೆಂಡತಿಯಿಂದ ರಸೀದಿಗೆ ಸಹಿ ಬೇರೆ ಹಾಕಿಸಿಕೊಳ್ತಾರೆ. ವಿಚಾರಣೆಯಲ್ಲಿ ಆತ ಸತ್ತೇ ಹೋಗ್ತಾನೆ. ಆಮೇಲೆ ಕಚೇರಿಯವರಿಗೆ ದೊಡ್ಡ ತಲೆನೋವು ಯಾವುದು ಗೊತ್ತಾ? ವಿಚಾರಣೆಯ ಶುಲ್ಕವನ್ನು ತಪ್ಪು ಖಾತೆಯಿಂದ ವಸೂಲಿ ಮಾಡಿದ್ದು! ವಿಧವೆಗೆ ರೀಫಂಡ್ ಚೆಕ್ ಕೊಡೋಕೆ ನಾಯಕ ಅವಳ ಮನೆಗೆ ಹೋಗುವ ದೃಶ್ಯಕ್ಕೆ ಟರ್ಮಿನೇಟರ್‌ನ ಅಷ್ಟೂ ಗುಂಡುಗಳು ಸಮ ಅಲ್ಲ.

ಇದು ನಮಗೆ ಅರ್ಥವಾಗದ ಕಥೆಯೇನಲ್ಲ. ನನ್ನ ಅತ್ತೆಯ ಹೆಸರು ಲಕ್ಷ್ಮಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಾರ್ಡಿನಲ್ಲಿ 'ಎಕ್ಸ್' ಹಾಕಿದ್ದಾರೆ, ಇನ್ನೊಂದರಲ್ಲಿ 'ಕೆ-ಎಸ್-ಎಚ್'. ಕನ್ನಡದಲ್ಲಿ ಒಂದೇ ಹೆಸರು, ಕಂಪ್ಯೂಟರಿಗೆ ಇಬ್ಬರು ಹೆಂಗಸರು. "ಸಿಸ್ಟಮ್ ತಗೊಳ್ತಿಲ್ಲ ಅಮ್ಮ" ಅಂತ ಕೌಂಟರಿನ ಹುಡುಗ ಮೂರು ಸಲ ವಾಪಸ್ ಕಳಿಸಿದ. ಯಾವ ರೋಬೋಟೂ ಅಲ್ಲಿ ಬಂಡೆದ್ದಿರಲಿಲ್ಲ.

ಎರಡನೆಯದು ಪಾಲ್ ವರ್ಹೋವನ್‌ನ 'ರೋಬೋಕಾಪ್' (1987). ಹೆಸರು ನೋಡಿ ಮಕ್ಕಳ ಸಿನಿಮಾ ಅಂದ್ಕೋಬೇಡಿ, ರಕ್ತ ಜಾಸ್ತಿ. ಡೆಟ್ರಾಯಿಟ್ ಪೊಲೀಸ್ ಇಲಾಖೆಯನ್ನು ಒಂದು ಕಂಪನಿ ಗುತ್ತಿಗೆಗೆ ನಡೆಸುತ್ತಿರುತ್ತೆ. ಅವರೇ ತಯಾರಿಸಿದ ಯಂತ್ರ-ಪೊಲೀಸನಿಗೆ ಮೂರು ನಿಯಮಗಳು ಎಲ್ಲರಿಗೂ ಕಾಣುವಂಥವು. ನಾಲ್ಕನೆಯದು ಗುಟ್ಟು: ಕಂಪನಿಯ ಹಿರಿಯ ಅಧಿಕಾರಿಯನ್ನು ಬಂಧಿಸುವ ಹಾಗಿಲ್ಲ! ಸಾಫ್ಟ್‌ವೇರ್ ಬಗ್ಗೆ ಇಷ್ಟು ಪ್ರಾಮಾಣಿಕವಾದ ದೃಶ್ಯ ಇನ್ನೊಂದಿಲ್ಲ ಅಂತೀನಿ ನಾನು. ನಿಯಮ ಬರೆಯುವವನು ತನಗೊಂದು ಹಿಂಬಾಗಿಲು ಇಟ್ಟುಕೊಂಡೇ ಬರೀತಾನೆ.

ಮೂರನೆಯದು ಆಂಡ್ರೂ ನಿಕೋಲ್‌ನ 'ಗಟ್ಟಾಕ' (1997). ಗುಂಡು, ರೋಬೋಟ್, ಕತ್ತಲು, ಮಳೆ ಯಾವುದೂ ಬೇಕಿಲ್ಲ ಇದಕ್ಕೆ. ಮಗು ಹುಟ್ಟಿದ ಕೂಡಲೇ ರಕ್ತದ ಹನಿಯಿಂದ ಆಯಸ್ಸು ಲೆಕ್ಕ ಹಾಕ್ತಾರೆ: ಮೂವತ್ತು ವರ್ಷ ಚಿಲ್ಲರೆ. ಡಿಎನ್‌ಎ ನೋಡಿ ಭೇದ ಮಾಡಬಾರದು ಅಂತ ಕಾನೂನು ಇದೆ, ಯಾರೂ ಕ್ಯಾರೇ ಅನ್ನಲ್ಲ. ಇಂಟರ್‌ವ್ಯೂ ಅಂದರೆ ಮೂತ್ರ ಪರೀಕ್ಷೆ, ಮುಗೀತು. ಹುಟ್ಟಿನಿಂದಲೇ ಯೋಗ್ಯತೆ ಅಳೆಯೋದನ್ನು ಕಂಡ ನಮ್ಮೂರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾ?

"ಹಾಗಾದರೆ 2001ರ ಹ್ಯಾಲ್ ಏನು ಮಾಡ್ತು?" ಅಂತ ಕೇಳೋರಿದ್ದೀರಿ. ಕುಬ್ರಿಕ್ ಸಿನಿಮಾ (1968) ಕಾರಣ ಬಿಡಿಸಿ ಹೇಳಲ್ಲ. ಆದರೆ ಅದರ ಮುಂದುವರಿಕೆಯಾದ '2010' (1984) ಹೇಳುತ್ತೆ: ಯಾನದ ನಿಜ ಉದ್ದೇಶವನ್ನು ಸಿಬ್ಬಂದಿಯಿಂದ ಮುಚ್ಚಿಡು ಅಂತ ಮೇಲಿನವರು ಹ್ಯಾಲ್‌ಗೆ ಆದೇಶ ಕೊಟ್ಟಿದ್ದರು. ಅಲ್ಲಿಗೆ ಬಂಡಾಯದ ಗುರುವೂ ಆದೇಶಕ್ಕೆ ಸಿಕ್ಕಿಹಾಕಿಕೊಂಡವನೇ!

ಈಗಿನ ಎಐ ಹಾಗಲ್ಲ, ಅದು ಏನು ಉತ್ತರ ಕೊಡುತ್ತೆ ಅಂತ ಮಾಡಿದವರಿಗೇ ಗೊತ್ತಿರಲ್ಲ ಅಂತೀರಾ? ಸರಿ. ಆದರೆ ಅದನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕು, ಅದರ ಮಾತಿನ ಮೇಲೆ ಅಪೀಲು ಇರಬೇಕೋ ಬೇಡವೋ, ಇದನ್ನು ತೀರ್ಮಾನಿಸೋದು ಮನುಷ್ಯರೇ ತಾನೆ? ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಸಾಫ್ಟ್‌ವೇರ್ ಕಥೆ ನೋಡಿ. ಅದು ತಪ್ಪು ಲೆಕ್ಕ ತೋರಿಸ್ತು. 1999ರಿಂದ 2015ರ ನಡುವೆ ಕಳ್ಳತನ, ಸುಳ್ಳು ಲೆಕ್ಕ ಅಂತೆಲ್ಲಾ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆ ಆಯ್ತು, ಕೆಲವರು ಜೈಲಿಗೂ ಹೋದರು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದಿದ್ದು 2024ರಲ್ಲಿ. ಅಲ್ಲಿ ಯಂತ್ರ ಯಾರ ಮೇಲೂ ಯುದ್ಧ ಸಾರಲಿಲ್ಲ. "ಕಂಪ್ಯೂಟರ್ ಸರಿಯಾಗೇ ಇದೆ" ಅಂತ ವರ್ಷಗಟ್ಟಲೆ ಸಾಧಿಸಿದವರು ಮನುಷ್ಯರು.

ತಿರುಗಿ ಬೀಳುವ ಯಂತ್ರದ ಕಥೆ ಯಾರಿಗೆ ಅನುಕೂಲ, ಯೋಚಿಸಿ. ಯಂತ್ರವೇ ಖಳನಾದರೆ ಅದನ್ನು ಮಾಡಿಸಿದವನು, ಮಾರಿದವನು, ಸಹಿ ಹಾಕಿದವನು ಎಲ್ಲರೂ ಬಚಾವ್. ಅದಕ್ಕೇ ಹೇಳಿದ್ದು: ಈ ವಾರಾಂತ್ಯ ಆರ್ನಾಲ್ಡ್‌ಗೆ ರಜೆ ಕೊಟ್ಟು 'ಬ್ರೆಜಿಲ್' ನೋಡಿ. ನೋಡುವಾಗ ಒಂದೇ ಪ್ರಶ್ನೆ ತಲೆಯಲ್ಲಿರಲಿ: ಈ ಆದೇಶ ಬರೆದವರು ಯಾರು?

ನಿಮ್ಮ ಪಟ್ಟಿಯಲ್ಲಿ ಇಂಥದ್ದು ಇನ್ಯಾವುದಿದೆ? ಹೇಳಿ, ಜಗಳ ಆಡೋಣ :)