ಉಸಿರು ಮೊದಲು, ವಿಚಾರಣೆ ಆಮೇಲೆ

ರಸ್ತೆ ಅಪಘಾತದಲ್ಲಿ ಒಬ್ಬ ಮನುಷ್ಯ ಗಾಯಗೊಂಡು ಬಿದ್ದಿರುತ್ತಾನೆ. ಸುತ್ತ ಜನ ನೆರೆಯುತ್ತಾರೆ, ಮರುಗುತ್ತಾರೆ. ಆದರೆ ಎತ್ತಿ ಆಸ್ಪತ್ರೆಗೆ ಒಯ್ಯಲು ಮುಂದಾಗುವುದಿಲ್ಲ. ಅವರಲ್ಲಿ ಕರುಣೆ ಬತ್ತಿದೆಯೆಂದಲ್ಲ. ಠಾಣೆಗೂ ನ್ಯಾಯಾಲಯಕ್ಕೂ ಅಲೆಯಬೇಕಾದೀತೆಂಬ ಅಂಜಿಕೆ ಕೈಯನ್ನು ಕಟ್ಟಿಹಾಕುತ್ತದೆ. ಈ ಅಂಜಿಕೆಯನ್ನು ಕಳೆಯಲೆಂದೇ ನಮ್ಮ ಕರ್ನಾಟಕದ ವಿಧಾನಮಂಡಲವು 2016ರಲ್ಲಿ, ಗಾಯಾಳುವಿಗೆ ನೆರವಾದವರನ್ನು ರಕ್ಷಿಸುವ ಮಸೂದೆಯನ್ನು ಅಂಗೀಕರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತಾಗ, ಇಂಥ ಶಾಸನವನ್ನು ಹೊಂದಿದ ದೇಶದ ಮೊದಲ ರಾಜ್ಯ ನಮ್ಮದಾಯಿತು. ಕರುಣೆಗೂ ಕೆಲವೊಮ್ಮೆ ಕಾನೂನಿನ ಆಸರೆ ಬೇಕಾಗುತ್ತದೆ.

ಇದೇ ಮಾತನ್ನು ಅಮೆರಿಕ ದೇಶದ ರಾಜ್ಯಗಳು ಇನ್ನೊಂದು ಬಗೆಯ ಸಾವಿನ ಮುಂದೆ ನಿಂತು ಕಲಿಯಬೇಕಾಯಿತು. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಅಲ್ಲಿದ್ದಾರೆ. ಆದ್ದರಿಂದ ಈ ತಿಂಗಳು ಆ ವಿಷಯವನ್ನು ಓದುಗ ಬಂಧುಗಳ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ಅಫೀಮಿನ ವರ್ಗಕ್ಕೆ ಸೇರಿದ ಮಾರ್ಫೀನ್, ಹೆರಾಯಿನ್, ಫೆಂಟಾನಿಲ್ ಮುಂತಾದ ದ್ರವ್ಯಗಳು ನೋವನ್ನು ಮರೆಸುತ್ತವೆ. ಪ್ರಮಾಣ ಮೀರಿದರೆ ಉಸಿರಾಡುವುದನ್ನೇ ಮರೆಸುತ್ತವೆ. ಹೀಗೆ ಉಸಿರು ನಿಲ್ಲುತ್ತಿರುವವನನ್ನು ಬದುಕಿಸಬಲ್ಲ ಔಷಧಿಯೊಂದಿದೆ. ಅದರ ಹೆಸರು ನಲಾಕ್ಸೋನ್. ಮೆದುಳಿನಲ್ಲಿ ಮಾದಕದ್ರವ್ಯವು ಹಿಡಿದು ಕುಳಿತ ತಾಣಗಳಿಂದ ಅದನ್ನು ತಳ್ಳಿ, ಎರಡು ಮೂರು ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಇದರಿಂದ ಅಮಲೇರದು, ಚಟವೂ ಹತ್ತದು. ದೇಹದಲ್ಲಿ ಅಫೀಮಿನ ವರ್ಗದ ದ್ರವ್ಯವಿಲ್ಲದಿದ್ದರೆ ಕೊಟ್ಟರೂ ಹಾನಿಯಿಲ್ಲ. ಈ ಔಷಧಿಗೆ ಅಮೆರಿಕದ ಸರ್ಕಾರ ಮನ್ನಣೆಯಿತ್ತದ್ದು 1971ರಲ್ಲಿ.

ಆದರೂ ದಶಕಗಳ ಕಾಲ ಅದು ಆಸ್ಪತ್ರೆ ಮತ್ತು ಆಂಬುಲೆನ್ಸುಗಳ ಪೆಟ್ಟಿಗೆಯಲ್ಲಿಯೇ ಉಳಿಯಿತು. ಸಾಯುವವರಾದರೋ ಮನೆಯ ಕೋಣೆಯಲ್ಲಿ, ಸ್ನೇಹಿತರ ನಡುವೆ ಸಾಯುತ್ತಿದ್ದರು. ಈ ಔಷಧಿಯನ್ನು ಕಂಡುಹಿಡಿದವರಲ್ಲೊಬ್ಬರಾದ ಜ್ಯಾಕ್ ಫಿಶ್‌ಮನ್ ಅವರ ಮಲಮಗನೇ 2003ರಲ್ಲಿ ಹೆರಾಯಿನ್ ಅತಿಸೇವನೆಯಿಂದ ತೀರಿಕೊಂಡನೆಂದರೆ, ಔಷಧಿಗೂ ರೋಗಿಗೂ ನಡುವಿನ ಅಂತರ ಎಷ್ಟಿತ್ತೆಂದು ತಿಳಿದೀತು.

ಆ ಅಂತರದಲ್ಲಿ ಮೂರು ಗಂಟುಗಳಿದ್ದವು. ಮೊದಲನೆಯದು, ವೈದ್ಯರ ಚೀಟಿ. ಚೀಟಿಯನ್ನು ಔಷಧಿ ಸೇವಿಸುವವನ ಹೆಸರಿಗೇ ಬರೆಯಬೇಕೆಂಬುದು ನಿಯಮ. ಆದರೆ ಪ್ರಜ್ಞೆ ತಪ್ಪಿದವನು ತನಗೆ ತಾನೇ ಔಷಧಿ ಕೊಟ್ಟುಕೊಳ್ಳಲಾರ. ಕೊಡಬೇಕಾದವರು ತಾಯಿ, ಹೆಂಡತಿ, ಗೆಳೆಯ. ಎರಡನೆಯದು, ಮೊಕದ್ದಮೆಯ ಭಯ. ಬರೆದ ವೈದ್ಯರಿಗೂ ಕೊಟ್ಟ ಸಾಮಾನ್ಯನಿಗೂ ಅದು ತಪ್ಪಿರಲಿಲ್ಲ. ಮೂರನೆಯದು, ಪೊಲೀಸರ ಭಯ. ಜೊತೆಯಲ್ಲಿದ್ದವನು ಸಹಾಯಕ್ಕೆ ಕರೆ ಮಾಡಿದರೆ ಮೊದಲು ತಾನೇ ಸೆರೆಯಾದೇನೆಂದು ಹೆದರಿ ಓಡಿಹೋಗುತ್ತಿದ್ದ. ಬಿದ್ದವನು ಒಂಟಿಯಾಗಿ ಸಾಯುತ್ತಿದ್ದ.

ಕಾನೂನು ಬದಲಾಗುವ ಮುನ್ನವೇ ಕೆಲವರು ದಾರಿ ತೋರಿದರು. ಷಿಕಾಗೊ ನಗರದಲ್ಲಿ ಡ್ಯಾನ್ ಬಿಗ್ ಎಂಬವರೂ ಅವರ ಸಂಗಡಿಗರೂ 1996ರಿಂದ ಮಾದಕವ್ಯಸನಿಗಳ ಕೈಗೇ ನಲಾಕ್ಸೋನ್ ಕೊಟ್ಟು, ಒಬ್ಬರು ಇನ್ನೊಬ್ಬರನ್ನು ಉಳಿಸಿಕೊಳ್ಳುವುದನ್ನು ಕಲಿಸಿದರು. 2001ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯವು, ಸದುದ್ದೇಶದಿಂದ ಈ ಔಷಧಿ ಕೊಟ್ಟ ಸಾಮಾನ್ಯರನ್ನು ಮೊಕದ್ದಮೆಯಿಂದ ರಕ್ಷಿಸುವ ಮೊದಲ ಶಾಸನವನ್ನು ತಂದಿತು. 2007ರಲ್ಲಿ ಅದೇ ರಾಜ್ಯ, ಸಹಾಯಕ್ಕಾಗಿ ಕರೆ ಮಾಡಿದವನಿಗೂ ರಕ್ಷಣೆಯಿತ್ತಿತು. ಮುಂದೆ ಒಂದೊಂದಾಗಿ ರಾಜ್ಯಗಳು ಆ ಹಾದಿ ಹಿಡಿದವು. ಪೆನ್ಸಿಲ್ವೇನಿಯ, ನಾರ್ತ್ ಕೆರೊಲಿನ ಮೊದಲಾದೆಡೆ ರಾಜ್ಯದ ಆರೋಗ್ಯಾಧಿಕಾರಿಯೊಬ್ಬರೇ ಇಡೀ ರಾಜ್ಯಕ್ಕೆ ಅನ್ವಯಿಸುವ ಒಂದು ಆದೇಶಕ್ಕೆ ಸಹಿ ಮಾಡಿದರು; ಅದರ ಬಲದಿಂದ ಯಾರು ಕೇಳಿದರೂ ಔಷಧಿಯಂಗಡಿಯವರು ಪ್ರತ್ಯೇಕ ಚೀಟಿಯಿಲ್ಲದೆ ಕೊಡಬಹುದಾಯಿತು. 2017ರ ವೇಳೆಗೆ ಐವತ್ತೂ ರಾಜ್ಯಗಳಲ್ಲಿ ಒಂದಿಲ್ಲೊಂದು ರೂಪದ ಇಂಥ ಕಾನೂನು ಬಂದಿತ್ತು. 2023ರ ಮಾರ್ಚ್ ತಿಂಗಳಲ್ಲಿ ಮೂಗಿಗೆ ಸಿಂಪಡಿಸುವ ನಾರ್ಕಾನ್ ಎಂಬ ರೂಪವನ್ನು ಚೀಟಿಯಿಲ್ಲದೆ ಮಾರಲು ಕೇಂದ್ರ ಸರ್ಕಾರವೂ ಒಪ್ಪಿತು.

ಇಲ್ಲಿ ಹಿರಿಯರೊಬ್ಬರು ಕೇಳಬಹುದು: ಬದುಕಿಸುವ ಔಷಧಿ ಕೈಯಲ್ಲಿದ್ದರೆ ದುಶ್ಚಟಕ್ಕೆ ಧೈರ್ಯ ಬಂದಂತಾಗದೆ? ಈ ಪ್ರಶ್ನೆ ಅಮೆರಿಕದ ಶಾಸನಸಭೆಗಳಲ್ಲಿಯೂ ಬಂತು. ಇದನ್ನು ತಳ್ಳಿಹಾಕುವುದು ಸರಿಯಲ್ಲ. ಮಕ್ಕಳ ನಡತೆಯ ಬಗೆಗಿನ ಕಾಳಜಿಯೇ ಇದನ್ನು ಕೇಳಿಸುತ್ತದೆ. ಇದಕ್ಕೆ ಅನುಭವವೇ ಉತ್ತರ ಹೇಳಬೇಕು. ಮ್ಯಾಸಚೂಸೆಟ್ಸ್ ರಾಜ್ಯದ 19 ಊರುಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜನರಿಗೆ ತರಬೇತಿ ಕೊಟ್ಟು ನಲಾಕ್ಸೋನ್ ಹಂಚಿದ ಕಡೆ ಇಂಥ ಸಾವುಗಳ ಪ್ರಮಾಣ ಇಳಿದದ್ದು ಕಂಡುಬಂತು. ಹೆಚ್ಚು ಜನ ತರಬೇತಿ ಪಡೆದಲ್ಲಿ ಹೆಚ್ಚು ಇಳಿದಿತ್ತು.

ನಮ್ಮ ಪರಂಪರೆಯೂ ಒಂದು ಉತ್ತರವನ್ನು ಕೊಡುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನ ನಡತೆಯನ್ನು ವಿಚಾರಿಸಿ ಅನ್ನ ಬಡಿಸುವ ಪದ್ಧತಿ ನಮ್ಮದಲ್ಲ. ಹೆಂಡ ಮಾರುತ್ತಿದ್ದ ಮಾರಯ್ಯನವರೂ, ಕನ್ನ ಕೊರೆಯುತ್ತಿದ್ದ ಮಾರಿತಂದೆಯವರೂ ಕಲ್ಯಾಣದ ಶರಣಸಂಕುಲಕ್ಕೆ ಸೇರಿದರೆಂದು ಕೇಳುತ್ತ ಬೆಳೆದವರು ನಾವು. ಬದಲಾಗಲು ಮನುಷ್ಯ ಮೊದಲು ಬದುಕಿರಬೇಕು. ಸತ್ತವನಿಗೆ ಯಾವ ಗುರುವೂ ದೀಕ್ಷೆ ಕೊಡಲಾರ.

ಹಾಗೆಂದು ಶಾಸನವೊಂದೇ ಸಾಲದು. ಅಮೆರಿಕದಲ್ಲಿ ಎಲ್ಲ ಬಗೆಯ ಮಾದಕದ್ರವ್ಯಗಳ ಅತಿಸೇವನೆಯಿಂದ 2022ರಲ್ಲಿ ಸುಮಾರು 1,08,000 ಜನ ಸತ್ತರು. 2024ರಲ್ಲಿ ಆ ಸಂಖ್ಯೆ ಸುಮಾರು 80,000ಕ್ಕೆ ಇಳಿಯಿತು; ಇಳಿಕೆಗೆ ಕಾರಣಗಳು ಹಲವು, ನಲಾಕ್ಸೋನ್ ಅವುಗಳಲ್ಲೊಂದು. 2023ರಲ್ಲಿ ಅಂಗಡಿಗೆ ಬಂದಾಗ ಎರಡು ನಾರ್ಕಾನ್ ಸಿಂಪಡಿಕೆಗಳ ಬೆಲೆ ಸುಮಾರು 45 ಡಾಲರ್. ಬಡವನಿಗೆ ಅದೂ ಭಾರವೇ. ಕರೆ ಮಾಡಿದವನಿಗೆ ದೊರೆಯುವ ರಕ್ಷಣೆಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಔಷಧಿ ಒಂದು ಸಾವನ್ನು ತಡೆಯುತ್ತದೆ, ಚಟವನ್ನು ಬಿಡಿಸುವುದಿಲ್ಲ. ಉಳಿದುಕೊಂಡವನಿಗೆ ಚಿಕಿತ್ಸೆಯೂ ಮನೆಯವರ ತಾಳ್ಮೆಯೂ ಬೇಕು.

ಅಲ್ಲಿ ಮಕ್ಕಳಿರುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. "ನಮ್ಮ ಮಕ್ಕಳು ಅಂಥವರಲ್ಲ" ಎಂದು ಪುಟ ತಿರುವಬೇಡಿ. ಔಷಧಿ ಬೇಕಾಗುವುದು ಅವರ ಕೋಣೆಯ ಜೊತೆಗಾರನಿಗಿರಬಹುದು, ನೆರೆಮನೆಯವರಿಗಿರಬಹುದು. ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗಿ ಗೊರಗೊರ ಎನ್ನುವುದು, ತುಟಿ ಮತ್ತು ಉಗುರು ನೀಲಿಗಟ್ಟುವುದು, ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಇದರ ಲಕ್ಷಣಗಳು. ಕೂಡಲೇ 911ಕ್ಕೆ ಕರೆ ಮಾಡಬೇಕು, ನಲಾಕ್ಸೋನ್ ಕೊಡಬೇಕು, ಉಸಿರು ಮರಳಿದ ಮೇಲೆ ಮಗ್ಗುಲಾಗಿ ಮಲಗಿಸಬೇಕು, ಸಹಾಯ ಬರುವವರೆಗೆ ಬಿಟ್ಟು ಹೋಗಬಾರದು. ಔಷಧಿಯ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ ಇರುವುದರಿಂದ, ಎಚ್ಚರವಾದವನು ಮತ್ತೆ ಉಸಿರು ಕಟ್ಟಿ ಬೀಳಬಹುದು.

ನಮ್ಮ ನಾಡಿನಲ್ಲಿಯೂ ಈ ವ್ಯಸನ ಇಲ್ಲದಿಲ್ಲ. ಮನೆಯಲ್ಲಿ ಯಾರಾದರೂ ಇದಕ್ಕೆ ಸಿಕ್ಕಿದರೆ ಮಾನಕ್ಕಂಜಿ ಮುಚ್ಚಿಡುತ್ತೇವೆ. ಆಪತ್ತು ಬಂದ ರಾತ್ರಿ 108ಕ್ಕೆ ಕರೆ ಮಾಡಲು ಸಹ ಹಿಂಜರಿಯುತ್ತೇವೆ. ಕಾನೂನಿನ ಭಯವನ್ನು ಶಾಸನ ಕಳೆಯಬಹುದು. ನೆಂಟರಿಷ್ಟರ ಬಾಯಿಯ ಭಯವನ್ನು ಯಾವ ವಿಧಾನಸಭೆಯೂ ಕಳೆಯಲಾರದು. ಆ ಕಾಯಕ ನಮ್ಮ ನಮ್ಮ ಮನೆಗಳಿಗೇ ಸೇರಿದ್ದು.