ಜೈಲಿನ ಫಲಕ ಮತ್ತು ಆ ಮನೆಯ ಹುಡುಗರು

ಹೋದ ತಿಂಗಳು ನಮ್ಮ ಬಡಾವಣೆಯ ಇಬ್ಬರು ಒಂದು ಮನವಿ ಪತ್ರ ಹಿಡಿದುಕೊಂಡು ಮನೆಗೆ ಬಂದಿದ್ದರು. ಪಾರ್ಕಿಗೆ ಇಲ್ಲಿಯ ಮಾಜಿ ಕಾರ್ಪೊರೇಟರ್ ಒಬ್ಬರ ಹೆಸರಿಡಬೇಕು, ಅದಕ್ಕೆ ಎಲ್ಲರ ಸಹಿ ಬೇಕು ಎಂದರು. ಆ ಮನುಷ್ಯ ಬದುಕಿದ್ದಾರೆ, ಒಳ್ಳೆಯವರು. ನಮ್ಮ ಬೀದಿಗೆ ನೀರಿನ ಪೈಪು ಬಂದದ್ದು ಅವರ ಓಡಾಟದಿಂದಲೇ. ಆದರೂ ನಾನು ಸಹಿ ಹಾಕಲಿಲ್ಲ. "ಯಾಕೆ ಸಾರ್, ಅವರ ಮೇಲೆ ಏನಾದರೂ ಬೇಜಾರಾ?" ಎಂದು ಕೇಳಿದರು. ಬೇಜಾರು ಖಂಡಿತ ಇಲ್ಲ. ಕಾರಣ ಹೇಳಲು ಅವರನ್ನು ಒಂದು ಗಂಟೆ ಕೂರಿಸಿಕೊಳ್ಳಬೇಕಾಗಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸದ ಮೇಲೆ ಹೋಗಿ ನಾನು ಹದಿನಾರು ವರ್ಷ ಅಮೆರಿಕದ ಕೊಲರಾಡೊ ರಾಜ್ಯದ ಸೆಂಟೆನಿಯಲ್‌ನಲ್ಲಿದ್ದೆ. ಡೆನ್ವರ್ ನಗರದ ದಕ್ಷಿಣಕ್ಕೆ ಹಬ್ಬಿಕೊಂಡಿರುವ ಊರು, ನಗರಸಭೆ ಎಂದು ಆದದ್ದೇ 2001ರಲ್ಲಿ. ಜನಸಂಖ್ಯೆ ಲಕ್ಷದ ಆಸುಪಾಸು ಇದ್ದರೂ ಬದುಕು ಚಿಕ್ಕ ಊರಿನದೇ. ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಕಂಡ ಮುಖವೇ ಸಂಜೆ ಮಕ್ಕಳ ಫುಟ್‌ಬಾಲ್ ಮೈದಾನದಲ್ಲಿ ಕಾಣುತ್ತಿತ್ತು. ಅದು ಅರಾಪಹೊ ಕೌಂಟಿಗೆ ಸೇರಿದ್ದು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿಯ ಶೆರಿಫ್ ನಮ್ಮ ಎಸ್ಪಿಯ ಹಾಗೆ, ಆದರೆ ಜನರ ಓಟಿನಿಂದ ಗೆದ್ದು ಬರುವವರು. ಜೈಲೂ ಅವರದೇ ಉಸ್ತುವಾರಿ.

ನಾನು ದಿನಾ ಓಡಾಡುತ್ತಿದ್ದ ದಾರಿಯಲ್ಲಿ, ಪೊಟೋಮ್ಯಾಕ್ ರಸ್ತೆಯಲ್ಲಿ, ಆ ಜೈಲಿತ್ತು. ಅದರ ಹೆಸರು ಪ್ಯಾಟ್ರಿಕ್ ಜೆ. ಸಲಿವನ್ ಜೂನಿಯರ್ ಬಂದೀಖಾನೆ. 1984ರಿಂದ 2002ರವರೆಗೆ ಅಲ್ಲಿ ಶೆರಿಫ್ ಆಗಿದ್ದವರ ಹೆಸರು. ಹೆಸರಿಟ್ಟದ್ದು ಸುಮ್ಮನೆ ಅಲ್ಲ. 1989ರಲ್ಲಿ ಒಬ್ಬ ಗುಂಡು ಹಾರಿಸುತ್ತಾ ಹುಚ್ಚೆದ್ದಿದ್ದಾಗ ಈ ಸಲಿವನ್ ತಮ್ಮ ವಾಹನವನ್ನು ಬೇಲಿ ಮುರಿದು ಒಳಕ್ಕೆ ನುಗ್ಗಿಸಿ, ಗುಂಡಿನ ದಾರಿಯಲ್ಲಿ ಸಿಕ್ಕಿಬಿದ್ದಿದ್ದ ತಮ್ಮ ಸಿಬ್ಬಂದಿಯನ್ನು ಕಾಪಾಡಿದ್ದರು. 2001ರಲ್ಲಿ ಇಡೀ ದೇಶದ ಶೆರಿಫರ ಸಂಘ ಅವರನ್ನು ವರ್ಷದ ಶೆರಿಫ್ ಎಂದು ಆರಿಸಿತ್ತು. ನಿವೃತ್ತರಾದ ಮೇಲೆ ಚೆರಿ ಕ್ರೀಕ್ ಶಾಲಾ ಜಿಲ್ಲೆಯ ಸುರಕ್ಷತೆಯ ಹೊಣೆ ಅವರಿಗೆ ಬಂತು, 2008ರವರೆಗೂ ಅದನ್ನು ನೋಡಿಕೊಂಡರು. ನನ್ನ ಮಗಳು ಓದುತ್ತಿದ್ದದ್ದು ಅದೇ ಶಾಲಾ ಜಿಲ್ಲೆಯಲ್ಲಿ. ಪಕ್ಕದ ಕೌಂಟಿಯ ಕೊಲಂಬೈನ್ ಹೈಸ್ಕೂಲಿನಲ್ಲಿ 1999ರಲ್ಲಿ ಮಕ್ಕಳ ಮೇಲೆ ಗುಂಡು ಹಾರಿದ ಮೇಲೆ ಅಲ್ಲಿಯ ಅಪ್ಪ ಅಮ್ಮಂದಿರಿಗೆ ಶಾಲೆಯ ಬಾಗಿಲು ಎಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮಗಳನ್ನು ಬಿಟ್ಟು ಬರುವಾಗ, ಇಂಥವರೊಬ್ಬರು ನೋಡಿಕೊಳ್ಳುತ್ತಿದ್ದಾರೆ ಎಂಬ ಧೈರ್ಯ ನನಗೆ ನಿಜವಾಗಿಯೂ ಇತ್ತು.

2011ರ ನವೆಂಬರ್ 29ರಂದು ಆ ಸಲಿವನ್ ಅವರನ್ನು ಬಂಧಿಸಿದರು. ವಯಸ್ಸು 68. ಮೆಥಾಂಫೆಟಮೈನ್ (ಮೆಥ್) ಎಂಬ ಮಾದಕ ದ್ರವ್ಯ ಕೊಟ್ಟು, ಅದಕ್ಕೆ ಬದಲಾಗಿ ಗಂಡಸರಿಂದ ಲೈಂಗಿಕ ಸಂಬಂಧ ಪಡೆಯುತ್ತಿದ್ದರು ಎಂಬುದು ಆರೋಪ. ಕರೆದುಕೊಂಡು ಹೋಗಿ ಇಟ್ಟದ್ದು ಅವರದೇ ಹೆಸರಿನ ಜೈಲಿನಲ್ಲಿ.

ಮರುದಿನ ಬೆಳಿಗ್ಗೆ ಪೊಟೋಮ್ಯಾಕ್ ರಸ್ತೆಯಲ್ಲಿ ಟಿವಿಯವರ ವ್ಯಾನುಗಳು ಸಾಲಾಗಿ ನಿಂತಿದ್ದವು. ಎಲ್ಲ ಕ್ಯಾಮೆರಾಗಳ ಮೂತಿಯೂ ಜೈಲಿನ ಹೆಸರಿದ್ದ ಫಲಕದ ಕಡೆಗೆ. ಕೋಟು ಹಾಕಿಕೊಂಡ ವರದಿಗಾರ್ತಿಯೊಬ್ಬಳು ಫಲಕ ತನ್ನ ಹೆಗಲ ಹಿಂದೆ ಪೂರ್ತಿ ಕಾಣುವ ಹಾಗೆ ಎರಡು ಹೆಜ್ಜೆ ಬಲಕ್ಕೆ, ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತಳು. ಸಿಗ್ನಲ್ಲಿನಲ್ಲಿ ನಿಂತಿದ್ದ ನಾನು ಅದನ್ನೇ ನೋಡುತ್ತಿದ್ದೆ. ಆಮೇಲೆ ಟಿವಿಯಲ್ಲಿ ಕೋರ್ಟಿನ ದೃಶ್ಯ ಬಂತು. ಕಿತ್ತಳೆ ಬಣ್ಣದ ಕೈದಿಯ ಬಟ್ಟೆ, ಕೈಗೆ ಕೋಳ, ಊರುಗೋಲು. ಜಾಮೀನಿಗೆ ಐದು ಲಕ್ಷ ಡಾಲರ್ ಕೇಳಿದ್ದರು. ಕೆಲವು ದಿನಗಳಾದ ಮೇಲೆ ಆ ಮೊತ್ತವನ್ನು ಇಳಿಸಿ ಬಿಟ್ಟರು.

ಊರು ಹೇಗೆ ಮಾತಾಡಿತು ಎಂಬುದೇ ನನ್ನ ಮನಸ್ಸಿನಲ್ಲಿ ಉಳಿದಿರುವುದು. ಮೊದಲ ದಿನ ನಂಬದವರೇ ಹೆಚ್ಚು. ಯಾವುದೋ ಗುಪ್ತ ತನಿಖೆಯಲ್ಲಿದ್ದಿರಬೇಕು, ತಪ್ಪು ತಿಳಿದು ಹಿಡಿದಿದ್ದಾರೆ ಎಂದರು. ಎರಡನೆಯ ದಿನದಿಂದ ನಗು ಶುರುವಾಯಿತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ. ಆ ನಗುವಿನಲ್ಲಿ ಅರ್ಧ ಭಾಗ ಫಲಕದ ಬಗ್ಗೆ, ಇನ್ನರ್ಧ ಗಂಡಸರ ಜೊತೆ ಎಂಬುದರ ಬಗ್ಗೆ. ಈ ಎರಡನೆಯದು ನನಗೆ ಆಗಲೂ ಹೇಸಿಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಗಂಡಸು ಗಂಡಸನ್ನು ಬಯಸುವುದು ತಪ್ಪಲ್ಲ. ಅಮಲಿಗೆ ಸಿಕ್ಕಿ ಒದ್ದಾಡುವವನ ಮುಂದೆ ಅದೇ ಅಮಲನ್ನು ಹಿಡಿದು ಅವನ ಮೈಯನ್ನು ಕೇಳುವುದು ತಪ್ಪು. ಅದು ಹೆಣ್ಣಾಗಿದ್ದರೂ ಅಷ್ಟೇ ತಪ್ಪು. ಈ ಮುಖ್ಯವಾದ ಮಾತನ್ನು ಕ್ಯಾಂಟೀನಿನಲ್ಲಿ ಒಬ್ಬರೂ ಎತ್ತಲಿಲ್ಲ. ನಾನೂ ತಟ್ಟೆ ನೋಡಿಕೊಂಡು ಕೂತಿದ್ದೆ.

ನನಗೆ ಕಣ್ಣು ತೆರೆಸಿದ್ದು ಪಕ್ಕದ ಮನೆಯ ಹೆಂಗಸು. ಸ್ಕೂಲ್ ಬಸ್ ಓಡಿಸುತ್ತಿದ್ದರು. ಅವರ ಮಗ ಮೆಥ್ ಚಟಕ್ಕೆ ಬಿದ್ದಿದ್ದ, ಎರಡು ಸಲ ಅದೇ ಜೈಲಿಗೆ ಹೋಗಿ ಬಂದಿದ್ದ. ಒಂದು ಶನಿವಾರ ಇಬ್ಬರೂ ನಮ್ಮ ನಮ್ಮ ಮನೆ ಮುಂದಿನ ಹಿಮ ಎತ್ತಿ ಹಾಕುತ್ತಿದ್ದೆವು. ನಾನೇ ಮಾತು ತೆಗೆದೆ, ಶೆರಿಫ್ ವಿಷಯ ಕೇಳಿದಿರಾ ಎಂದು. ಅವರು ಸಲಿಕೆ ಊರಿ ನಿಂತರು. "ಎಲ್ಲರೂ ಅವರ ವಿಷಯವೇ ಕೇಳುತ್ತಾರೆ. ಆ ಮನೆಯಲ್ಲಿದ್ದ ಹುಡುಗರ ವಿಷಯ ನಿಮಗೆ ಯಾರಾದರೂ ಹೇಳಿದರಾ? ನೀವಾದರೂ ಕೇಳಿದಿರಾ?" ಎಂದರು. ದನಿ ಏರಿಸಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮತ್ತೆ ಹಿಮ ಎತ್ತತೊಡಗಿದರು. ಅವರ ಮನೆಯ ಮುಂದಿನದು ಮುಗಿದ ಮೇಲೂ ಎತ್ತುತ್ತಾ ನಮ್ಮ ಬೇಲಿಯವರೆಗೆ ಬಂದರು.

ಅವರು ಹೇಳಿದ್ದು ಈ ಮನೆಯ ವಿಷಯ: ಬಂಧನದ ಹಿಂದಿನ ತಿಂಗಳು, ಅಕ್ಟೋಬರಿನಲ್ಲಿ, ಅಲ್ಲಿಂದ ಪೊಲೀಸರಿಗೆ ಕರೆ ಹೋಗಿತ್ತು. ಮನೆಯಲ್ಲೊಬ್ಬ ಮುದುಕನಿದ್ದಾನೆ, ಎದ್ದು ಹೋಗುತ್ತಿಲ್ಲ ಎಂದು. ಹೋಗಿ ನೋಡಿದರೆ ಆ ಮುದುಕ ಸಲಿವನ್. ಈ ಹುಡುಗರನ್ನು ಚಟದಿಂದ ಬಿಡಿಸಲು ಬಂದಿದ್ದೇನೆ ಎಂದರಂತೆ. ತನಿಖೆಯ ದಾರಿ ತೆರೆದದ್ದು ಅಲ್ಲಿಂದ. ಪತ್ರಿಕೆಯಲ್ಲಿ ಇದನ್ನು ಓದಿದಾಗ ನಾನು ಮೊದಲು ಗಮನಿಸಿದ್ದು ಶೆರಿಫ್ ಸಿಕ್ಕಿಬಿದ್ದ ರೀತಿಯನ್ನು. ಪಕ್ಕದ ಮನೆಯಾಕೆ ಕೇಳಿದ ಮೇಲೆ ಮತ್ತೆ ಓದಿದೆ. ಕರೆ ಮಾಡಿದವರಿಗೆ ಎಷ್ಟು ಧೈರ್ಯ ಬೇಕಾಗಿರಬೇಕು! ತಾವೇ ಮಾದಕ ದ್ರವ್ಯದ ಸುಳಿಯಲ್ಲಿರುವವರು, ಎದುರಿಗಿರುವುದು ಜೈಲಿನ ಬಾಗಿಲ ಮೇಲೆ ಹೆಸರಿರುವ ಮನುಷ್ಯ, ಸಹಾಯಕ್ಕೆ ಕರೆಯಬೇಕಾದದ್ದು ಆ ಮನುಷ್ಯ ಹದಿನೆಂಟು ವರ್ಷ ನಡೆಸಿದ ಇಲಾಖೆಯನ್ನೇ. ಆ ದೊಡ್ಡ ಹೆಸರೇ ಅವರ ಬಾಯಿಗೆ ಬೀಗ ಹಾಕಿದ್ದರೆ ಆಶ್ಚರ್ಯವಿರಲಿಲ್ಲ.

ಇಲಾಖೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆಗ ಶೆರಿಫ್ ಆಗಿದ್ದವರು ಗ್ರೇಸನ್ ರಾಬಿನ್ಸನ್. ಸಲಿವನ್ ಅವರ ಕೈಕೆಳಗೇ ಕೆಲಸ ಮಾಡಿ, ಅವರ ನಂತರ ಆ ಕುರ್ಚಿಗೆ ಬಂದವರು. ಮುಚ್ಚಿಹಾಕಬಹುದಾಗಿತ್ತು, ಹಳೆಯ ಯಜಮಾನರಿಗೆ ಒಂದು ಮಾತು ಹೇಳಿಸಿ ಮನೆಗೆ ಕಳಿಸಬಹುದಾಗಿತ್ತು. ಹಾಗೆ ಮಾಡದೆ, ತಾವೇ ಹಿಡಿದು, ತಾವೇ ಜನರ ಮುಂದೆ ನಿಂತು ಹೇಳಿದರು. ಇಂಥದ್ದು ನಮ್ಮಲ್ಲಿ ಎಷ್ಟು ಸಲ ನಡೆದಿದೆ ಎಂದು ಓದುಗರೇ ನೆನಪಿಸಿಕೊಳ್ಳಬಹುದು.

2012ರ ಮೇ ತಿಂಗಳಲ್ಲಿ ಸಲಿವನ್ ತಪ್ಪೊಪ್ಪಿಕೊಂಡರು. ಮೂವತ್ತು ದಿನ ಜೈಲು, ಎರಡು ವರ್ಷ ಪ್ರೊಬೇಷನ್. ಫಲಕದ ಮೇಲಿನ ಹೆಸರನ್ನೂ ತೆಗೆದರು. ಊರಿನವರಿಗೆ ಮತ್ತೆ ಸಿಟ್ಟು ಬಂತು, ದೊಡ್ಡ ಮನುಷ್ಯ ಅಂತ ಬರೀ ಮೂವತ್ತು ದಿನ ಕೊಟ್ಟರು ಎಂದು. ನಾನು ಆ ಸಿಟ್ಟಿಗೆ ದನಿಗೂಡಿಸಲಿಲ್ಲ. ಇನ್ನೂ ಹೆಚ್ಚು ದಿನ ಹಾಕಿದ್ದರೆ ಪಕ್ಕದ ಮನೆಯಾಕೆಯ ಮಗನಿಗೆ ಏನು ಸಿಗುತ್ತಿತ್ತು? ಜಾಮೀನಿಗೆ ದುಡ್ಡಿಲ್ಲದೆ, ವಿಚಾರಣೆ ಕಾಯುತ್ತಲೇ ಅದಕ್ಕಿಂತ ಹೆಚ್ಚು ದಿನ ಅವನು ಒಳಗೆ ಕಳೆದಿದ್ದ. ನನ್ನ ದೂರು ಸಲಿವನ್ ಅವರಿಗೆ ಸಿಕ್ಕ ಕರುಣೆಯ ಮೇಲೆ ಅಲ್ಲ, ಅದು ಅವರೊಬ್ಬರಿಗೆ ಮಾತ್ರ ಎಂಬಂತೆ ಇದ್ದದ್ದರ ಮೇಲೆ. 2019ರಲ್ಲಿ ಕೊಲರಾಡೊ ಕಾನೂನು ಬದಲಿಸಿತು. 2020ರ ಮಾರ್ಚಿನಿಂದ, ಸ್ವಂತಕ್ಕೆಂದು ನಾಲ್ಕು ಗ್ರಾಂವರೆಗೆ ಮೆಥ್ ಇಟ್ಟುಕೊಂಡವನ ಮೇಲೆ ಮೊದಲಿನ ಹಾಗೆ ಘೋರ ಅಪರಾಧದ ಮುದ್ರೆ ಬೀಳುವುದಿಲ್ಲ. ಆ ಮುದ್ರೆ ಬಿದ್ದವನಿಗೆ ಕೆಲಸ ಕೊಡುವವರಿಲ್ಲ, ಮನೆ ಬಾಡಿಗೆಗೆ ಕೊಡುವವರಿಲ್ಲ. ಪಕ್ಕದ ಮನೆಯ ಹುಡುಗನಿಗೆ ಈ ಬದಲಾವಣೆ ತಡವಾಗಿ ಬಂತು.

ಮೆಥ್ ಬಗ್ಗೆ ನಮ್ಮಲ್ಲಿ ಎಷ್ಟೋ ಜನ ತಿಳಿದಿರುವುದು, ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಎಂದು. ಆದರೆ ಮಿದುಳಿನಲ್ಲಿ ಸುಖದ ಅರಿವು ಕೊಡುವ ಡೋಪಮೈನ್ ಎಂಬ ರಸವನ್ನು ಅದು ಕೋಡಿ ಬೀಳುವ ಹಾಗೆ ಹರಿಸಿಬಿಡುತ್ತದೆ. ಆಮೇಲೆ ಊಟ, ನಿದ್ದೆ, ಅಮ್ಮನ ಮುಖ ಯಾವುದೂ ರುಚಿಸದು. ಈ ಚಟ ಬಿಡಿಸಲೆಂದೇ ಮಂಜೂರಾದ ಮಾತ್ರೆ ಇವತ್ತಿಗೂ ಇಲ್ಲ. ಗುಂಡಿಗೆ ಎದೆಯೊಡ್ಡಿದ ಸಲಿವನ್ ಅವರಂಥ ಗಟ್ಟಿಗರೇ ಆ ಅಮಲಿನ ಸಂತೆಯಲ್ಲಿ ಸಿಕ್ಕಿಬಿದ್ದರು ಎಂದ ಮೇಲೆ ಇಪ್ಪತ್ತು ವರ್ಷದ ಹುಡುಗನಿಗೆ ಗಟ್ಟಿ ಮನಸ್ಸಿನ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ನಮ್ಮ ದೇಶದ 1985ರ ಮಾದಕ ವಸ್ತು ಕಾಯ್ದೆಯಲ್ಲೂ 64ಎ ಎಂಬ ಒಂದು ಕಲಮಿದೆ. ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಅವನ ಮೇಲೆ ಮೊಕದ್ದಮೆ ನಡೆಸಬೇಕಿಲ್ಲ ಎನ್ನುತ್ತದೆ. ಹುಡುಗನ ಮುಖಕ್ಕೆ ಕರಿ ಬಟ್ಟೆ ಹೊದಿಸಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವಾಗ ಆ ಕಲಮು ಯಾರಿಗೂ ನೆನಪಾಗುವುದಿಲ್ಲ.

1989ರಲ್ಲಿ ಉಳಿದ ಜೀವಗಳು ಸುಳ್ಳಲ್ಲ. ಅವರ ಮನೆಯವರು ಸಲಿವನ್ ಅವರನ್ನು ಇಂದಿಗೂ ನೆನೆದರೆ ಅದು ನ್ಯಾಯವೇ. ಆ ಕೆಲಸಕ್ಕೊಂದು ಕಲ್ಲು ಹಾಕಿಸಿ, ಆ ದಿನಾಂಕ ಕೆತ್ತಿಸಿ ಎಂದರೆ ನಾನೂ ಚಂದಾ ಕೊಡುತ್ತಿದ್ದೆ. ಆದರೆ ಬದುಕಿರುವ ಮನುಷ್ಯನ ಹೆಸರನ್ನು ಗೋಡೆಗೆ ಹಾಕಿದರೆ, ಅವರ ಬಗ್ಗೆ ದೂರು ಹೇಳಬೇಕಾದವನು ಆ ಗೋಡೆಯನ್ನು ದಾಟಿ ಬರಬೇಕಾಗುತ್ತದೆ. ನಮ್ಮ ಮಾಜಿ ಕಾರ್ಪೊರೇಟರ್ ಅಂಥವರು ಎಂದು ನಾನು ಹೇಳುತ್ತಿಲ್ಲ. ಪಾರ್ಕಿನಲ್ಲಿ ಕಲ್ಲು ಹಾಕಿಸಿ, ಈ ಬೀದಿಗೆ ನೀರು ತಂದವರು ಇವರು ಎಂದು ಬರೆಸಿ. ಅದಕ್ಕೆ ಮೊದಲ ಸಹಿ ನನ್ನದೇ.

ಆ ಪಾರ್ಕಿನ ಪಂಪ್‌ಹೌಸಿನ ಹಿಂದೆ ಸಂಜೆ ಏಳರ ಮೇಲೆ ಮೂವರು ಹುಡುಗರು ಕೂತಿರುತ್ತಾರೆ. ಬೆಳಿಗ್ಗೆ ಕಸ ಗುಡಿಸುವಾಕೆಗೆ ಅಲ್ಲಿ ಖಾಲಿ ಮಾತ್ರೆ ಹಾಳೆಗಳು ಸಿಗುತ್ತವೆ. ಪೊಲೀಸರಿಗೆ ಹೇಳಿ ಓಡಿಸಬೇಕು ಎಂದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಷ್ಟೋ ಸಲ ಬಂದಿದೆ. ಮೊನ್ನೆ ವಾಕಿಂಗ್ ಮುಗಿಸಿ ನಾನೇ ಆ ಕಡೆ ಹೋದೆ. ನನ್ನನ್ನು ಕಂಡು ಇಬ್ಬರು ಎದ್ದು ಹೋದರು. ಒಬ್ಬ ಉಳಿದ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಮಗ, ಚಿಕ್ಕವನಿದ್ದಾಗ ಬಟ್ಟೆ ಗಂಟು ಹೊತ್ತು ಮನೆಗೆ ಬರುತ್ತಿದ್ದವನು. ಏನು ಓದ್ತಾ ಇದ್ದೀಯಪ್ಪಾ ಎಂದೆ. "ಐಟಿಐ ಬಿಟ್ಟೆ ಅಂಕಲ್" ಎಂದ. ಬೈಯುತ್ತೇನೆಂದು ಕಾದ. ನಾನು ಬೈಯಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವನೂ ಕೂತ.