ಸದ್ದೇ ಇಲ್ಲದ ಸಾಹಸ!

‘ಸ್ಟಾರ್ ವಾರ್ಸ್’ (1977) ನೋಡಾಯ್ತು, ಮುಂದೇನು ಅಂತೀರಾ? ಕುಬ್ರಿಕ್‌ರ ‘2001: ಎ ಸ್ಪೇಸ್ ಒಡಿಸ್ಸಿ’ ನೋಡಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮುಂಚೆಯೇ, 1968ರಲ್ಲಿ, ತೆರೆಗೆ ಬಂದ ಚಿತ್ರ.

ಮೊದಲ ಸಲ ಇಂಟರ್‌ವಲ್‌ಗೇ ಎದ್ದು ಬಂದ ದಡ್ಡ ನಾನು! ಹೊಡೆದಾಟ ಇಲ್ಲ, ಢಂ ಢಮಾರ್ ಇಲ್ಲ ಅಂತ ಬೇಸರ. ಎರಡನೇ ಸಲ ಪೂರ್ತಿ ಕೂತಾಗಲೇ ಗೊತ್ತಾದದ್ದು, ನಿಜವಾದ ಭಯ ಇರೋದೇ ಮೌನದಲ್ಲಿ ಅಂತ. ಹಾಲ್ ಎಂಬ ಕಂಪ್ಯೂಟರ್ ನೌಕೆಯ ಬಾಗಿಲು ತೆಗೆಯಲ್ಲ ಅನ್ನುತ್ತೆ. ಯಾತ್ರಿಕ ಬೋಮನ್ ಹೆಲ್ಮೆಟ್ ಇಲ್ಲದೆಯೇ ಒಳಗೆ ಹಾರ್ತಾನೆ. ಗಾಳಿ ತುಂಬುವವರೆಗೂ ಒಂದು ಸದ್ದಿಲ್ಲ! ಗಾಳಿಯೇ ಇಲ್ಲದ ಕಡೆ ಶಬ್ದ ಎಲ್ಲಿಂದ ಬಂದೀತು ಸ್ವಾಮಿ?

ಅದು ಹಿಡಿಸಿದರೆ ‘ಗ್ರಾವಿಟಿ’ (2013) ನೋಡಿ. ಕಡಲೆಕಾಯಿ ಪೊಟ್ಟಣ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ!